ಅಮ್ಮನ ಪಾಲಿನ ಎರಡು ಮಾತ್ರೆ

ಹಾಸನ
೧೨ ಜುಲೈ ೨೦೨೫

ಪ್ರೀತಿಯ ಗಿರಿಜತ್ತೆಗೆ,

ಸೌಜನ್ಯಳ ನಮಸ್ಕಾರಗಳು. ಚನ್ನರಾಯಪಟ್ಟಣದಲ್ಲಿ ನೀವೂ ತೇಜಶ್ರೀಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಬೇಡ. ಫೋನಿನಲ್ಲಿ ಹೇಳಬೇಕೆಂದು ಹೊರಟವಳು ಮಳೆ-ಬೆಳೆಯ ಮಾತಾಡಿ ಇಟ್ಟುಬಿಡುತ್ತಿದ್ದೆ.

ಅಮ್ಮನಿಗೆ ಕರುಳಿನ ಕ್ಯಾನ್ಸರ್ ಎಂದು ನಿಮಗೆ ಗೊತ್ತು. ಆಪರೇಷನ್ ಮುಗಿದು ಈಗ ಮಾತ್ರೆ ಶುರುವಾಗಿದೆ. ಅದಕ್ಕೆ ಮೊದಲು ಡಾಕ್ಟರ್ ಅರುಣ್‌ಕುಮಾರ್ ರಕ್ತ ತೆಗೆಸಿ ಜೀನ್ ಪರೀಕ್ಷೆ ಮಾಡಿಸಿ, ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಪಕ್ಕದ ಹಾಸಿಗೆಯ ರಾಮನಾಥಪುರದ ಪಾಪಮ್ಮನಿಗೂ ಅದೇ ಕಾಯಿಲೆ, ಅದೇ ಮಾತ್ರೆ. ಅಮ್ಮ ಸುಮ್ಮನಿರುತ್ತಾಳೆಯೇ?

“ಅಲ್ಲ ಸಾ, ಒಂದೇ ಸಾಲಲ್ಲಿ ಕೂರ್ಸಿ ಅವಳಿಗೆ ನಾಕು, ನಂಗೆ ಎರಡಾ? ಪಂಕ್ತಿಭೇದ ಮಾಡ್ತೀರಲ್ಲ!”

“ಅದಕ್ಯಾಕವ್ವ ಮುನುಸ್ಕಂಡೀಯ? ನಂದ್ರಲ್ಲೊಂದು ತಗಾ,” ಎಂದು ಪಾಪಮ್ಮ ಕೊಟ್ಟೇಬಿಟ್ಟಳು. ಅಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ನುಂಗುವ ಮೊದಲೇ ನನ್ನ ಕಣ್ಣಿಗೆ ಬಿತ್ತು. ಕಿತ್ತುಕೊಂಡು ಡಾಕ್ಟರ ಕೈಗೆ ಕೊಟ್ಟೆ, ಅತ್ತೆ.

ಡಾಕ್ಟರ್ ಗದರಲಿಲ್ಲ. “ಈ ಔಷಧಿ ಕರಗಿಸೋ ಶಕ್ತಿ ನಿಮ್ಮ ಮೈಗೆ ಹುಟ್ಟಿನಿಂದ್ಲೇ ಕಮ್ಮಿ ಕಣಮ್ಮ. ನಾಕು ತಗೊಂಡ್ರೆ ವಿಷ ಆಗುತ್ತೆ. ನಿಮಗೆ ಎರಡೇ ಪೂರ್ತಿ ಪಾಲು,” ಎಂದರು. ಇದು ವಂಶದಲ್ಲಿ ಹರಿದು ಬರುವಂಥದ್ದಂತೆ. ತವರಿನಲ್ಲಿ ಬೇರೆ ಯಾರಿಗಾದರೂ ಈ ಔಷಧ ಕೊಟ್ಟಿದ್ದರೇ ಎಂದು ಕೇಳಿದರು. ಅಮ್ಮ ಮನೆಗೆ ಹೋಗೋಣವೆಂದು ಎದ್ದಳು.

ತೇಜಶ್ರೀಯೂ ಅಮ್ಮನ ತಮ್ಮನ ಮಗಳೇ ಅಲ್ಲವೇ, ಅವಳಿಗೂ ಈ ವಿಷಯ ತಿಳಿದಿರಲಿ. ಹೆದರುವಂಥದ್ದೇನೂ ಇಲ್ಲ. ಮುಂದೆಂದಾದರೂ ಇಂಥ ಔಷಧ ಬೇಕಾದರೆ ಡಾಕ್ಟರಿಗೆ ಮೊದಲೇ ಹೇಳಲಿ. ನಿಮ್ಮ ಆಶೀರ್ವಾದ ನನಗಿರಲಿ. ಸಾಧ್ಯವಾದರೆ ಅಮ್ಮನಿಗೂ.

ನಿಮ್ಮ
ಸೌಜನ್ಯ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು, “ಕಾಂತರಾಜಂಗೆ ಕೊಟ್ಟಿದ್ದೂ ಇದೇನಾ?” ಹೌದು ಅತ್ತೆ, ಮಾವನ ಕ್ಯಾನ್ಸರಿಗೆ ಕೊಟ್ಟದ್ದೂ ಇದೇ ಔಷಧ, ಪೂರ್ತಿ ಪ್ರಮಾಣ. ಅವರಿಗೆ ಈ ಪರೀಕ್ಷೆ ಆಗಿರಲಿಲ್ಲ, ಆದ್ದರಿಂದ ಔಷಧದಿಂದಲೇ ಹೀಗಾಯಿತೆಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಬಾಯೆಲ್ಲ ಹುಣ್ಣಾಗಿ, ಭೇದಿ ನಿಲ್ಲದೆ ಅವರು ಹೋದದ್ದು ನಿಮ್ಮ ಹುರುಳಿ ಬಸ್ಸಾರಿನಿಂದ ಅಲ್ಲ. “ಉಷ್ಣ ಇಕ್ಕಿ ನನ್ನ ತಮ್ಮನ್ನ ಕೊಂದೆ” ಎಂದು ಅಮ್ಮ ಎಲ್ಲರೆದುರು ಅಂದ ದಿನದಿಂದ ನಿಮ್ಮ ಒಲೆಯ ಮೇಲೆ ಹುರುಳಿ ಬೆಂದಿಲ್ಲವೆಂದು ತೇಜಶ್ರೀ ಹೇಳಿದ್ದಾಳೆ.

ಕ್ಷಮಿಸು ಎನ್ನುವುದು ಅಮ್ಮನಿಗೆ ಬರುವುದಿಲ್ಲ. ಇವತ್ತು ಗೋಡೆ ಕಡೆ ತಿರುಗಿ ಮಲಗಿ, “ಗಿರಿಜ ಬಂದ್ರೆ ಉರುಳಿ ಬಸ್ಸಾರು ಮಾಡ್ಲಿ. ಅವಳೇ ಮಾಡ್ಬೇಕು, ಅವಳೇ ಬಡಿಸ್ಬೇಕು,” ಎಂದಳು.

ಕಾಳು ನೆನೆಹಾಕಲೇ, ಅತ್ತೆ?