ಸಂಬಂಧಕ್ಕೆ ಕಾರಣರಾದವರು

ಮನೆಯಿಂದ,
ಜೂನ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಹೀಗೆ ಶುರು ಮಾಡಬಹುದೋ ಬಾರದೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬೇರೆ ಯಾವ ಶುರುವೂ ಕೈಗೆ ಬರಲಿಲ್ಲ, ಇರಲಿ. ನಿಮ್ಮ ಸೊಂಟನೋವು ಹೇಗಿದೆ? ಕ್ರೇನಿನ ಸೀಟಿಗೊಂದು ದಿಂಬು ಹಾಕಿಕೊಳ್ಳಿ ಎಂದು ನಾನು ಎಷ್ಟು ಬಡಕೊಂಡರೂ ನಿಮ್ಮ ಕಿವಿಗೆ ಹೋಗಲಿಲ್ಲ. ಈಗ ಅಲ್ಲಿ ಹೇಳುವವರ ಮಾತನ್ನಾದರೂ ಕೇಳಿ. ಬಂದರಿನ ಗಾಳಿಗೆ ನಿಮ್ಮ ಕೆಮ್ಮು ಕೆರಳುತ್ತದೆ, ರಾತ್ರಿ ಪಾಳಿಯಲ್ಲಿ ಕತ್ತಿಗೆ ಏನಾದರೂ ಸುತ್ತಿಕೊಳ್ಳಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಶಾಲೆಗಳು ಶುರುವಾಗಿ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮಕ್ಕಳ ಕನ್ನಡಕದ ಗಾಜು ಉಜ್ಜಿ ಉಜ್ಜಿ ನನ್ನ ಬೆರಳ ತುದಿಗಳೇ ನುಣ್ಣಗಾಗಿವೆ. ಅತ್ತೆಯವರ ಆರೋಗ್ಯ ನಮ್ಮಿಬ್ಬರದಕ್ಕಿಂತ ಗಟ್ಟಿ. ಊಟ ಮುಗಿಸಿ ಈಗ ಒಳಗೆ ಅಡ್ಡಾಗಿದ್ದಾರೆ. ನಿದ್ದೆ ಬಂದಿಲ್ಲ ಎಂದು ವಾದಿಸುತ್ತಲೇ ಗೊರಕೆ ಹೊಡೆಯುತ್ತಿದ್ದಾರೆ.

ನಿಮ್ಮ ಪತ್ರ ಹೋದ ತಿಂಗಳೇ ಬಂತು. ಅಲ್ಲೇ ನೆಲೆ ನಿಲ್ಲುವುದಾಗಿ ಬರೆದಿದ್ದೀರಿ, ಜೊತೆಗೆ ಯಾರಿದ್ದಾರೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದೀರಿ. ವಕೀಲರು ಬರೆದುಕೊಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸು, ನಾವಿಬ್ಬರೂ ಜಗಳವಿಲ್ಲದೆ ಬೇರೆಯಾಗೋಣ, ಅಮ್ಮನನ್ನು ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಇನ್ನು ಮೇಲೆ ಅವರ ಹೊರೆ ನಿನಗೇಕೆ ಎಂದಿದ್ದೀರಿ. ಬೇರೆಯಾಗುವ ಮಾತು ಓದಿ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ನಿಮ್ಮ ಫೋನಿನ ಮಾತು ದಿನೇದಿನೇ ಚುಟುಕಾಗುತ್ತಿದ್ದಾಗಲೇ ವಾಸನೆ ಬಡಿದಿತ್ತು. ಆದರೆ ಅಮ್ಮನನ್ನು ಕರೆದುಕೊಂಡು ಹೋಗುವ ಸಾಲನ್ನು ಮಾತ್ರ ಎರಡೆರಡು ಸಲ ಓದಿದೆ. ಅವರಿಲ್ಲದ ಮನೆಗೆ ಸಂಜೆ ಬಂದು ನಾನು ಯಾರ ಜೊತೆ ಕಿತ್ತಾಡಲಿ? ಅವರಿಗೂ ನೀವು ಬೇರೆ ಪತ್ರ ಹಾಕಿದ್ದಿರಲ್ಲ, ಅದನ್ನು ಓದಿದರು, ಮಡಿಸಿದರು, ಸೊಪ್ಪು ಬಿಡಿಸಲು ಕೂತರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವಿಸ್ ಕಳೆದವರು ತಾನೇ, ಎಲ್ಲ ಕೇಳಿಸಿಕೊಂಡೂ ಏನೂ ಕೇಳದವರಂತೆ ಇರುವುದು ಅವರಿಗೆ ಕರಗತ. ಬರುತ್ತಾರೋ ಇರುತ್ತಾರೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ಬೇಡಿಕೊಂಡಂತೆ ಆಗುತ್ತದೆ, ಬೇಡಿಕೊಂಡರೆ ಅವರು ಕರುಣೆಯಿಂದ ಉಳಿದುಬಿಡುತ್ತಾರೆ ಎಂಬ ಭಯ.

ಮಾರನೆಯ ದಿನವೇ ನಿಮ್ಮ ಚಿಕ್ಕಮ್ಮನನ್ನು ನೋಡಲು ಹೊರಡುವುದಿತ್ತು. ಅವರು ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದು ನಿಮಗೆ ಗೊತ್ತೇ ಇದೆ. ಈಗ ಕೋಲು ಹಿಡಿದು ಓಡಾಡುತ್ತಾರೆ, ಕೋಲಿನಿಂದಲೇ ಎಲ್ಲರನ್ನೂ ಓಡಾಡಿಸುತ್ತಾರೆ. ಸ್ಟೇಷನ್ನಿನಲ್ಲಿ ಕುಟುಂಬ ಟಿಕೆಟ್ ಎಂದು ಹೊಸ ಬೋರ್ಡು ಹಾಕಿದ್ದರು. ಮನೆಯವರೆಲ್ಲ ಒಂದೇ ಟಿಕೆಟ್ಟಿನಲ್ಲಿ ಹೋದರೆ ಸಾಕಷ್ಟು ಸೋವಿ. ನಮಗೆ ಸಲ್ಲುತ್ತದೋ ಇಲ್ಲವೋ ಎಂದು ವಿಚಾರಣೆ ಕೌಂಟರಿನಲ್ಲಿ ಕೇಳಿದೆ. ಅಲ್ಲಿ ಕೂತಿದ್ದವರು ಆಗತಾನೇ ತಲೆಗೂದಲಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು, ಕಿವಿಯ ಮೇಲೂ ಒಂದಿಷ್ಟು ಮೆತ್ತಿತ್ತು. ತಲೆ ಎತ್ತದೆಯೇ, “ಇಬ್ಬರೂ ಒಂದೇ ಮನೇಲಿ ಇರೋದು ತಾನೇ? ಹಾಗಿದ್ರೆ ಧಾರಾಳವಾಗಿ ಹೋಗಿ ಬನ್ನಿ” ಎಂದರು. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ಟಿ.ಸಿ. ಬಂದರು. ಆಳು ಬಾಗಿಲ ತುಂಬ, ಕೈಯಲ್ಲಿ ಮಾತ್ರ ಗಿಡ್ಡ ಪೆನ್ಸಿಲು. ಟಿಕೆಟ್ ನೋಡಿ, ನಮ್ಮಿಬ್ಬರ ಮುಖ ನೋಡಿ, “ಇವರು ನಿಮಗೇನಾಗಬೇಕು?” ಎಂದರು. ಅತ್ತೆ ಎಂದೆ. “ಯಜಮಾನರೆಲ್ಲಿ?” ಎಂದರು. ಬಂದಿಲ್ಲ ಎಂದೆ. ಟಿಕೆಟ್ ತಿರುಗಿಸಿ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ತೋರಿಸಿದರು. ಪರ್ಸಿನಲ್ಲಿದ್ದ ಅಂಗಡಿಯ ಭೂತಗನ್ನಡಿ ಹಿಡಿದು ಓದಿದೆ: “ಮದುವೆಯಿಂದ ಉಂಟಾದ ಸಂಬಂಧವಾದಲ್ಲಿ, ಸದರಿ ಸಂಬಂಧಕ್ಕೆ ಕಾರಣರಾದ ವ್ಯಕ್ತಿಯು ಜೊತೆಯಲ್ಲಿ ಪ್ರಯಾಣಿಸತಕ್ಕದ್ದು.”

ನೀವು ಆ ಕ್ಷಣ ಅಲ್ಲಿದ್ದಿದ್ದರೆ ನಕ್ಕುಬಿಡುತ್ತಿದ್ದಿರಿ. ಅಲ್ಲ, ನೀವು ಅಲ್ಲಿದ್ದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ನಿಮ್ಮ ಹಾಗೆ ಜೊತೆಗಿಲ್ಲದೆಯೂ ಇಷ್ಟು ದುಬಾರಿಯಾಗುವ ಮನುಷ್ಯನನ್ನು ನಾನು ನೋಡಿಲ್ಲ! ಕೌಂಟರಿನಲ್ಲಿ ಹೇಳಿದ್ದನ್ನು ಹೇಳಿದೆ. ಅವರು ಹೇಳಿದ್ದು ಅವರಿಗೆ, ಪುಸ್ತಕ ಹೇಳೋದು ನನಗೆ ಎಂದರು ಟಿ.ಸಿ. ಬೋಗಿಯವರೆಲ್ಲ ಆಗಲೇ ಎರಡು ಪಕ್ಷವಾಗಿದ್ದರು. ಒಬ್ಬರು ಸೊಸೆ ಎಂದರೆ ಮಗಳಿದ್ದ ಹಾಗೆ ಎಂದರು. ಇನ್ನೊಬ್ಬರು, ಹಾಗಿದ್ರೆ ನಿಮ್ಮ ಮನೇಲಿ ಯಾಕೆ ದಿನಾ ರಾಮಾಯಣ ಎಂದರು. ಅವರಿಬ್ಬರು ಗಂಡಹೆಂಡತಿ ಎಂದು ಆಮೇಲೆ ಗೊತ್ತಾಯಿತು. ಟಿ.ಸಿ. ಇಬ್ಬರಿಗೂ ಪೂರ್ತಿ ದರ ಹಾಕಿ, ಮೇಲೆ ದಂಡವನ್ನೂ ಹಾಕಿ ರಸೀದಿ ಹರಿದುಕೊಟ್ಟರು. ಕಾರಣ ಎಂಬಲ್ಲಿ “ಪರಸ್ಪರ ಸಂಬಂಧವಿಲ್ಲದ ಪ್ರಯಾಣಿಕರು” ಎಂದಿತ್ತು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಓದಿದರು, ಮನೆ ಮುಟ್ಟುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹಣ ಹೋಯಿತೆಂಬ ಸಂಕಟ ಎಂದುಕೊಂಡೆ. ಹೋದರೆ ಹೋಗಲಿ ಬಿಡಿ ಅತ್ತೆ ಎಂದೂ ಅಂದೆ. ಮಾರನೆಯ ದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅವರು ಇಸ್ತ್ರಿ ಸೀರೆ ಉಟ್ಟು, ನಿವೃತ್ತಿಯ ದಿನ ಕೊಟ್ಟ ಗಡಿಯಾರ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದರು. “ನಡಿಯೇ ಸ್ಟೇಷನ್ನಿಗೆ.” ಅಂಗಡಿ ಯಜಮಾನರಿಗೆ ಫೋನು ಮಾಡಿ ಅರ್ಧ ದಿನ ರಜೆ ಕೇಳಿದೆ. ಕೌಂಟರಿನ ಬಣ್ಣದ ಕೂದಲಿನವರು, ನಾನು ಹಾಗೆ ಹೇಳೇ ಇಲ್ಲ, ಇಡೀ ದಿನ ಸಾವಿರ ಜನ ಬರ್ತಾರೆ ಎಂದು ಕೈಯಾಡಿಸಿದರು. ಮೇಲಿನ ಮಹಡಿಗೆ ಹೋಗಿ ಎಂದರು. ಮೇಲಿನ ಮಹಡಿಯಲ್ಲಿ ನಾಳೆ ಬನ್ನಿ ಎಂದರು. ಅತ್ತೆಗೆ ನಾಳೆ ಎಂದರೆ ಲೈನು ಹೋಲ್ಡ್ ಮಾಡಿದ ಹಾಗೆ, ರಿಸೀವರ್ ಇಡುವವರಲ್ಲ. ಬೆಂಚಿನ ಮೇಲೆ ಕೂತೇಬಿಟ್ಟರು. ಗುಡಿಸಲು ಬಂದವಳು ಕಾಲೆತ್ತಿ ಎಂದರೆ ಎತ್ತಿದರು, ಮತ್ತೆ ಇಳಿಸಿದರು, ಅಷ್ಟೇ. ಆ ಹೊತ್ತಿಗೆ ನನಗೂ ಕುತೂಹಲ ಹತ್ತಿಕೊಂಡಿತ್ತು. ದೂರಿಗಿಂತ ಆ ನಿಯಮವೇ ನನ್ನ ತಲೆ ತಿನ್ನುತ್ತಿತ್ತು. ಅದನ್ನು ಬರೆದವರು ಯಾರು? ಯಾರ ಮನೆ ನೋಡಿ ಬರೆದರು?

ಕೊನೆಗೂ ಒಳಗೆ ಕರೆದ ದೂರು ವಿಭಾಗದ ಅಧಿಕಾರಿ ಹೆಂಗಸು, ಒಳ್ಳೆಯವರೇ. ವಿಪರೀತ ನೆಗಡಿ, ಮೂಗು ಒರೆಸಿ ಒರೆಸಿ ಕೆಂಪಗಾಗಿತ್ತು. ಅವರ ಮೇಜಿನ ಮೇಲೆ ಫೈಲು ಎಷ್ಟಿತ್ತೋ ಕರವಸ್ತ್ರವೂ ಅಷ್ಟೇ ಇತ್ತು. ಸಲಹೆ ತಪ್ಪಾಗಿರಬಹುದು, ಆದರೆ ನಿಯಮ ನಿಯಮವೇ ಎಂದರು. ಸರಿ, ಹಾಗಾದರೆ ನಿಯಮ ಅರ್ಥ ಮಾಡಿಸಿ ಎಂದು ನಾನು ಕೂತೆ. ಗಂಡ ಜೊತೆಗೆ ಬಂದು, ಶೌಚಾಲಯಕ್ಕೆ ಹೋಗಿರುವಾಗ ಟಿ.ಸಿ. ಬಂದರೆ ನಾವು ಸಂಬಂಧಿಕರೋ ಅಲ್ಲವೋ? ನಡುವಿನ ಸ್ಟೇಷನ್ನಿನಲ್ಲಿ ಚಹಾಕ್ಕೆ ಇಳಿದು ರೈಲು ತಪ್ಪಿಸಿಕೊಂಡರೆ? ಮೇಲಿನ ಬರ್ತಿನಲ್ಲಿ ಮಲಗಿ, ಎಬ್ಬಿಸಿದರೆ ಇವರು ಯಾರೋ ಗೊತ್ತಿಲ್ಲ ಎಂದರೆ? ಗಂಡ ಸತ್ತೇ ಹೋಗಿದ್ದರೆ ಅತ್ತೆ ಸೊಸೆ ಜನ್ಮಾಂತರಕ್ಕೂ ಪೂರ್ತಿ ದರವೇ? ಅವರು ಮೊದಲು ನಕ್ಕರು, ಆಮೇಲೆ ನಿಜಕ್ಕೂ ಪುಸ್ತಕ ತೆಗೆದು ಹುಡುಕಲು ಶುರು ಮಾಡಿದರು. ಪಕ್ಕದ ಮೇಜಿನವರನ್ನೂ ಕರೆದರು. ಶೌಚಾಲಯಕ್ಕೆ ರಿಯಾಯಿತಿ ಇದೆಯಂತೆ, ಚಹಾಕ್ಕೆ ಇಲ್ಲವಂತೆ. ಸತ್ತವರ ವಿಷಯದಲ್ಲಿ ಪುಸ್ತಕ ಮೌನ. ಬಿಟ್ಟುಹೋದವರ ವಿಷಯ ನಾನು ಕೇಳಲಿಲ್ಲ. ಪಕ್ಕದಲ್ಲಿ ಅತ್ತೆ ಕೂತಿದ್ದರು.

ಕೊನೆಗೆ ಮೂರನೆಯ ಸಲ ಹೋದಾಗ ಆ ಅಧಿಕಾರಿಯೇ ಒಂದು ದಾರಿ ಹೇಳಿಕೊಟ್ಟರು. “ಅಮ್ಮಾ, ನಿಮ್ಮ ಮಗನಿಂದ ಒಂದು ಪತ್ರ ತರಿಸಿ. ನಾನೂ ಹೊರಟಿದ್ದೆ, ಕೊನೇ ಗಳಿಗೇಲಿ ಆಗಲಿಲ್ಲ ಅಂತ ಬರೆದುಕೊಟ್ರೆ ಸಾಕು. ಎಲ್ಲ ವಾಪಸ್ ಮಾಡಿಸ್ತೀನಿ.” ನಿಮಗೆ ಎರಡು ಸಾಲು ಬರೆಯುವುದು ಎಷ್ಟರ ಕೆಲಸ, ಬರೆಯುತ್ತೀರಿ ಎಂದು ನನಗೆ ಗೊತ್ತಿತ್ತು. ಆಗಲಿ ಮೇಡಂ ಎನ್ನಲು ಬಾಯಿ ತೆರೆದಿದ್ದೆ. ಅತ್ತೆ ನನ್ನ ಮೊಣಕೈ ಹಿಡಿದರು. “ಬೇಡ ಕಣಮ್ಮ. ಅವನು ಹೊರಟಿರಲಿಲ್ಲ. ಹೊರಟಿದ್ದ ಅಂತ ಸುಳ್ಳು ಬರೆಸಿ ತರೋ ದುಡ್ಡು ನನಗೆ ಬೇಡ. ನಾವಿಬ್ಬರೇ ಹೊರಟಿದ್ದು, ನಾವಿಬ್ಬರೇ ಬಂದಿದ್ದು. ಅದನ್ನ ಬರೆಯೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇದ್ರೆ ಬರೀರಿ.” ಹೇಳಿ ಮುಗಿಸಿದ ಮೇಲೂ ನನ್ನ ಮೊಣಕೈ ಬಿಡಲಿಲ್ಲ. ನಾನು ಅವರ ಜೊತೆ ಇಷ್ಟು ಕಾಲ ಬಾಳಿದ್ದೇನೆ, ಅವರು ಹಾಗೆ ಕೈ ಹಿಡಿದದ್ದು ಇದೇ ಮೊದಲು. ಅದು ಸುಳ್ಳಿನ ಮೇಲಿನ ಸಿಟ್ಟೋ, ನಿಮ್ಮ ಮೇಲಿನದೋ, ನನಗಾಗಿಯೋ ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಕೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಅವರು ಮೂರು ಸಲವೂ ಬದನೆಕಾಯಿಯ ಬೆಲೆ ಕೇಳಿದರು.

ಅಂತೂ ಹೋದ ವಾರ ತೀರ್ಮಾನವಾಯಿತು. ಕೌಂಟರಿನವರನ್ನು ಕರೆಸಿದ್ದರು. ಅತ್ತೆ ಅವರನ್ನು ಬೈಯಲಿಲ್ಲ. ಅವತ್ತು ನೀವು ತಲೆ ಎತ್ತಿದ್ರೆ ನನ್ನ ಮುಖ ನೆನಪಿರ್ತಿತ್ತು ಕಣಪ್ಪ ಎಂದರು ಅಷ್ಟೇ. ಅವರು ಕಿವಿ ತುರಿಸಿಕೊಂಡು, ಇವರು ಬಂದು ಕೇಳಿದ್ದು ನಿಜ, ಒಂದೇ ಮನೆ ಅಂದ ಮೇಲೆ ಇನ್ನೇನು ಕೇಳಬೇಕು ಅಂತ ನನಗೂ ಹೊಳೀಲಿಲ್ಲ ಎಂದು ಒಪ್ಪಿಕೊಂಡರು. ತಪ್ಪು ಸಲಹೆಯ ಕಾರಣಕ್ಕೆ ದಂಡ ವಾಪಸ್ ಬಂತು. ಹೆಚ್ಚು ಕೊಟ್ಟ ದರ ಮಾತ್ರ ಬರಲಿಲ್ಲ, ಅದಕ್ಕೆ ಪುಸ್ತಕ ಒಪ್ಪುವುದಿಲ್ಲವಂತೆ. ಹೊರಡುವಾಗ ಅತ್ತೆ, ಹಾಗಾದರೆ ನಮ್ಮಂಥವರು ಯಾವ ಟಿಕೆಟ್ ತೆಗೆದುಕೊಳ್ಳಬೇಕಿತ್ತು ಎಂದು ಕೇಳಿದರು. ಅಧಿಕಾರಿ ಮೂಗು ಒರೆಸಿಕೊಂಡು, ಜೋಡಿ ಪಾಸ್ ಅಂತ ಒಂದಿದೆ, ಒಂದು ವರ್ಷಕ್ಕೆ, ಯಾರು ಬೇಕಾದರೂ ಇಬ್ಬರು ಸೇರಿ ಮಾಡಿಸಬಹುದು, ಏನಾಗಬೇಕು ಎಂದು ಯಾರೂ ಕೇಳುವುದಿಲ್ಲ, ಕೌಂಟರಿನಲ್ಲಿ ಇದನ್ನೇ ಹೇಳಬೇಕಿತ್ತು ಎಂದರು. ಅತ್ತೆ ಹೂಂ ಎಂದು ಚೀಲ ಎತ್ತಿಕೊಂಡರು.

ಇಷ್ಟನ್ನೂ ನಿಮಗೆ ಯಾಕೆ ಬರೆಯುತ್ತಿದ್ದೇನೋ. ನಿಮಗೆ ಮೊದಲಿಂದಲೂ ರೈಲಿನ ಸುದ್ದಿ ಇಷ್ಟ, ಅದಕ್ಕಿರಬಹುದು. ನೀವು ಕಳಿಸಿದ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದ್ದೇನೆ, ಇದರೊಳಗೇ ಇಡುತ್ತೇನೆ. ಸಾಕ್ಷಿಯ ಜಾಗ ಖಾಲಿ ಇದೆ. ನಾಳೆ ಅಂಗಡಿ ಯಜಮಾನರಿಂದ ಹಾಕಿಸಿ ಅಂಚೆಗೆ ಹಾಕುತ್ತೇನೆ. ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಇದೆ, ಆದರೆ ಉಜ್ಜುವ ಗಾಜಿಗೆ ಗೀರು ಬೀಳುವಷ್ಟಿಲ್ಲ. ಅಮ್ಮನ ವಿಷಯ ಅಮ್ಮನೇ ಹೇಳಬೇಕು. ಅವರು ಬರುತ್ತೇನೆಂದರೆ ನಾನು ಅಡ್ಡ ನಿಲ್ಲುವವಳಲ್ಲ. ಗುಳಿಗೆಯ ಚೀಟಿ ಬರೆದುಕೊಡುತ್ತೇನೆ, ರಾತ್ರಿ ಕಾಲಿಗೆ ಎಣ್ಣೆ ಹಚ್ಚದಿದ್ದರೆ ನಿದ್ದೆ ಬರುವುದಿಲ್ಲ ಎಂಬುದನ್ನು ನೀವು ಮರೆತಿರುತ್ತೀರಿ. ಮನಸ್ಸಿಗೆ ಏನೆನಿಸುತ್ತದೆ ಎಂದು ಕೇಳಿದರೆ ಹೇಳುತ್ತೇನೆ: ಅವರು ಹೋಗಬಾರದು. ಇದನ್ನು ಅವರೆದುರು ಹೇಳಿಲ್ಲ.

ಅಲ್ಲಿರುವವರಿಗೂ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ನೋಡಿಕೊಳ್ಳಿ.

ಇಂತಿ,
ನಿಮ್ಮ ಅಮ್ಮನ ಸೊಸೆ

ಆತುರದಲ್ಲಿ: ಅತ್ತೆ ಎದ್ದು ಬಂದು, ಕೇಳದೆ ಮಾಡದೆ, ನನ್ನ ಹಿಂದೆ ನಿಂತು ಪತ್ರ ಪೂರ್ತಿ ಓದಿಬಿಟ್ಟರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನಿಮ್ಮ ಒಪ್ಪಿಗೆ ಪತ್ರಕ್ಕೆ ಸಾಕ್ಷಿಯಾಗಿ ತಾವೇ ಸಹಿ ಹಾಕಿದ್ದಾರೆ. ಅಕ್ಷರ ದಪ್ಪಗಿದೆ, ವಕೀಲರಿಗೆ ಓದಲು ಕಷ್ಟವಾಗದು. ಜೋಡಿ ಪಾಸನ್ನು ಮೊನ್ನೆ ನಾನು ಅಂಗಡಿಯಲ್ಲಿದ್ದಾಗಲೇ ಹೋಗಿ ಮಾಡಿಸಿಕೊಂಡು ಬಂದಿದ್ದಾರಂತೆ, ಈಗ ತೋರಿಸಿದರು. ನೀವು ಕರೆದುಕೊಂಡು ಹೋಗಲು ಬರುವುದು ಬೇಡವಂತೆ. ನೋಡಲು ಯಾವಾಗ ಬೇಕಾದರೂ ಬರಬಹುದಂತೆ, ಮಗನಲ್ಲವೇ. ಆದರೆ ಮೊದಲೇ ತಿಳಿಸಿ ಬರಬೇಕಂತೆ, ನಾವಿಬ್ಬರೂ ಊರಲ್ಲಿ ಇರುತ್ತೇವೆಂದು ಹೇಳಲಾಗದು.