ಮೇಲಿನ ಸ್ಥಾಯಿಯ ಕಾಗುಣಿತ

ಮಾರ್ಚ್ ೧೨, ಬುಧವಾರ
ಅಂಗಡಿಯಿಂದ, ಮಧ್ಯಾಹ್ನ

ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಭಾವನಿಗೂ ತಿಳಿಸು, ಆದರೆ ಕಾಗದ ಮಾತ್ರ ತೋರಿಸಬೇಡ. ಫೋನಿನಲ್ಲಿ ಹೇಳೋಣ ಅಂದರೆ ನೀನು ಸ್ಪೀಕರ್ ಹಾಕಿಕೊಂಡು ಪಾತ್ರೆ ತೊಳೆಯುತ್ತಾ ಮಾತಾಡುವವಳು, ನನ್ನ ಗುಟ್ಟು ನಿಮ್ಮ ಮಹಡಿಯವರಿಗೆಲ್ಲ ಕೇಳಬೇಕೇನು? ಅದಕ್ಕೇ ಬರೆಯುತ್ತಿದ್ದೇನೆ. ಕವರಿಗೆ ಅಂಟು ಹಚ್ಚಿ, ಅದರ ಮೇಲೆ ಮಿಷನ್ನಿನಲ್ಲಿ ಒಂದು ಹೊಲಿಗೆಯನ್ನೂ ಓಡಿಸುತ್ತೇನೆ. ದಾರ ಬಿಚ್ಚಿದ್ದು ಕಂಡರೆ ತಕ್ಷಣ ತಿಳಿಸು.

ಮೊದಲು ಇದಕ್ಕೆ ಉತ್ತರ ಕೊಡು. ನಮ್ಮ ಹಾಡಿನ ಗುಂಪಿನಿಂದ ಯಾರಾದರೂ ನಿನಗೆ ಫೋನ್ ಮಾಡಿದ್ದರಾ? ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಹೆಂಗಸು? ಮಾಡಿಲ್ಲದಿದ್ದರೆ ಇನ್ನು ಮಾಡುತ್ತಾಳೆ. ನಿನ್ನ ದನಿಯನ್ನು ಕಂಪ್ಯೂಟರಿನ ಹೊಸ ಪ್ರೋಗ್ರಾಮಿಗೆ ಹಾಕಲು ಒಪ್ಪಿಗೆ ಇದೆ ಅಂತ ಒಂದು ಹಾಳೆ ಕಳಿಸುತ್ತಾಳೆ. ರುಜು ಹಾಕಬೇಡ. ನನ್ನಾಣೆ, ಹಾಕಬೇಡ.

ಆಕೆ ಗುಂಪಿಗೆ ಸೇರಿ ಎಂಟು ತಿಂಗಳಾಯಿತು. ಕಿವಿ ಮಿಷನ್ ಮಾರುವ ಅಂಗಡಿಯಲ್ಲಿ ಕೆಲಸ. ದಿನವಿಡೀ ವಯಸ್ಸಾದವರ ಕಿವಿಗೆ ಸಣ್ಣ ಸಣ್ಣ ಸದ್ದು ಹಾಕಿ, ಈಗ ಕೇಳಿಸಿತಾ, ಈಗ ಅಂತ ಕೇಳುವುದು. ನಾನು ಅವಳಿಗೆ ಕಿವಿ ಡಾಕ್ಟರು ಅಂತ ಹೆಸರಿಟ್ಟಿದ್ದೇನೆ. ಗುಂಪಿನಲ್ಲಿ ಎಲ್ಲರೂ ಈಗ ಹಾಗೇ ಕರೆಯುತ್ತಾರೆ, ಅವಳಿಗೆ ಅದೂ ಖುಷಿಯೇ. ಇಂಥವರನ್ನು ಕಂಡರೆ ನನಗೆ ಆಗುವುದಿಲ್ಲ, ಬೈದರೂ ನಗುವವರು.

ಇಲ್ಲಿನ ಪರಿಸ್ಥಿತಿ ನಿನಗೆ ಗೊತ್ತಿರಲಿ. ನಿನ್ನ ದನಿ ತುಂಬಿದ ಆ ಹಾಡುವ ಪ್ರೋಗ್ರಾಂ ಇದೆಯಲ್ಲ, ಅದನ್ನು ಮಾಡಿದ ಕಂಪನಿ ಮುಚ್ಚಿ ಆರು ವರ್ಷವಾಯಿತು. ಈಗ ಅದಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ. ಒಂದೇ ಒಂದು ಹಳೇ ಕಂಪ್ಯೂಟರಿನಲ್ಲಿ ಏಳುತ್ತದೆ, ಅದೂ ತಾರೀಖನ್ನು ಕಂಪನಿ ಬದುಕಿದ್ದ ವರ್ಷಕ್ಕೆ ತಿರುಗಿಸಿಟ್ಟರೆ ಮಾತ್ರ. ಪ್ರತಿ ಭಾನುವಾರ ಪ್ರೆಸ್ಸಿನ ಮೇಲಿನ ಕೋಣೆಗೆ ಬಂದು, ಗುಂಪು ನಡೆಸುವ ಮೇಷ್ಟ್ರು ಮಾಡುವ ಮೊದಲ ಕೆಲಸವೇ ಅದು. ತಾರೀಖು ಹಿಂದಕ್ಕೆ ಹೋದ ಮೇಲೆ ಚಪ್ಪಲಿ ಬಿಡುತ್ತಾರೆ. ಆಮೇಲೆ ನರ್ಸಮ್ಮ, ಬಸ್ ಡಿಪೋದವರು, ಹಾಡಲು ಬಾರದ ನಾವೆಲ್ಲ ಸಾಲು ಬರೆದು ಸ್ವರ ಕೂರಿಸುತ್ತೇವೆ, ಅದರೊಳಗಿಂದ ನೀನು ಹಾಡುತ್ತೀಯ. ಮುನ್ನೂರು ಹಾಡು ದಾಟಿತು ಕಣೇ.

ಹೋದ ತಿಂಗಳು ಅದು ಹಾಡಿನ ನಡುವೆ ಗಕ್ಕನೆ ನಿಂತು, ನಲವತ್ತು ಹಾಡು ನುಂಗಿಕೊಂಡಿತು. ನರ್ಸಮ್ಮ ತೀರಿಹೋದ ಗಂಡನಿಗಾಗಿ ಮಾಡಿದ್ದ ಹಾಡೂ ಅದರಲ್ಲೇ ಹೋಯಿತು. ಪಾಪ, ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತರು. ಕಿವಿ ಡಾಕ್ಟರು ಇದನ್ನೇ ಕಾಯುತ್ತಿದ್ದಳೇನೋ ಎನ್ನುವ ಹಾಗೆ ಎದ್ದು ನಿಂತಳು. ಇದು ಇವತ್ತೋ ನಾಳೆಯೋ ಪೂರ್ತಿ ಕೈಕೊಡುತ್ತದೆ, ಉಸಿರಿರುವಾಗಲೇ ಎಲ್ಲವನ್ನೂ ಹೊಸದಕ್ಕೆ ಸಾಗಿಸೋಣ ಅಂದಳು. ಮೇಷ್ಟ್ರು ನಾನಿರುವ ತನಕ ಆಗದು ಅಂದರು. ಬರುವ ಭಾನುವಾರ ಕೈ ಎತ್ತಿಸಿ ತೀರ್ಮಾನ. ಇರುವುದು ಹನ್ನೊಂದು ಜನ, ಆ ಕಡೆ ಐದು, ಈ ಕಡೆ ಐದು. ಉಳಿದವಳು ನಾನು.

ನನ್ನ ಕೈ ಹಳೇದಕ್ಕೇ ಏಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೊಸದಕ್ಕೆ ಹೋದರೆ ನಿನ್ನ ದನಿ ಯಾರ ಕೈಗೆ ಸಿಕ್ಕೀತು, ಯೋಚನೆ ಮಾಡು. ನಾಳೆ ನೀನು ಟೀವಿಯಲ್ಲಿ ಸೋಪು ಮಾರುತ್ತಿದ್ದರೆ ಭಾವ ಸುಮ್ಮನಿರುತ್ತಾರಾ?

ಇನ್ನೊಂದು ಕೇಳು. ಹೊಸ ಪ್ರೋಗ್ರಾಮಿಗೆ ಆವತ್ತಿನ ಮೂಲ ರೆಕಾರ್ಡಿಂಗೇ ಬೇಕಂತೆ, ಹಳೇದರೊಳಗೆ ಇರುವುದನ್ನು ಹಿಂಡಿ ತುರುಕಿದ್ದಾರಂತೆ, ಅದು ಹೊಸದಕ್ಕೆ ಆಗದಂತೆ. ನಿನಗೆ ನೆನಪಿರಬೇಕು, ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಕೂತು ಕ ಕಾ ಕಿ ಕೀ ಅಂತ ಇಡೀ ಕಾಗುಣಿತ ಹಾಡಿದ್ದು. ಕೆಳಗಿನ ಸ್ಥಾಯಿಯಲ್ಲಿ ಒಂದು ಸಲ, ನಡುವಿನದರಲ್ಲಿ ಒಂದು ಸಲ. ಅಷ್ಟರಲ್ಲಿ ನಿನ್ನ ಗಂಟಲಲ್ಲಿ ಗಂಟು ಎದ್ದು ಡಾಕ್ಟರು ಮೂರು ತಿಂಗಳು ಪಿಟಕ್ಕೆನ್ನಬೇಡ ಅಂದರು, ಭಾವನಿಗೆ ವರ್ಗವಾಗಿ ನೀವು ಹೊರಟೂ ಹೋದಿರಿ. ಮೇಲಿನ ಸ್ಥಾಯಿಯದನ್ನು ಆಮೇಲೆ ನಾನೇ ಮೇಷ್ಟ್ರಿಗೆ ತಂದುಕೊಟ್ಟೆ. ಅದೆಲ್ಲ ಹಳೇ ಕಥೆ, ಬಿಡು.

ಆ ಮೂಲ ಎಲ್ಲಿ ಅಂತ ಕಿವಿ ಡಾಕ್ಟರು ಮೂರು ಸಲ ಕೇಳಿದಳು. ಅಂಗಡಿಗೆ ಬಣ್ಣ ಹೊಡೆಸುವಾಗ ಕಳೆದುಹೋಯಿತು ಅಂದೆ. ನಿನಗೊಬ್ಬಳಿಗೇ ಹೇಳುತ್ತೇನೆ, ಕಳೆದಿಲ್ಲ. ಆ ಪೆನ್‌ಡ್ರೈವ್ ಬಟನ್ ಡಬ್ಬದ ತಳದಲ್ಲಿದೆ. ಬಿಸಾಡೋಣ ಅಂತ ಎಷ್ಟೋ ಸಲ ಕೈಗೆತ್ತಿಕೊಂಡೆ, ಮನಸ್ಸು ಬರಲಿಲ್ಲ. ನಾನು ಸುಳ್ಳು ಹೇಳುವಾಗ ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಈಚೆಗೆ ಅವರೂ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಮೇಲುಮೇಲಕ್ಕೆ ಜಗಳ, ಒಳಗೊಳಗೇ ಅವರೂ ಅವಳೂ ಒಂದಾಗಿದ್ದಾರೋ ಏನೋ, ಯಾರಿಗೆ ಗೊತ್ತು!

ಸುಮ್ಮನೆ ಅನುಮಾನದ ಪಿಶಾಚಿ ಅನ್ನಬೇಡ, ಸಾಕ್ಷಿ ಇದೆ. ಹೋದ ಭಾನುವಾರ ಮೇಷ್ಟ್ರಿಂದ ಕೀಲಿ ಇಸಕೊಂಡು ಎಲ್ಲರಿಗಿಂತ ಮೊದಲು ಹೋಗಿ ನಿನ್ನ ದನಿಯ ಫೈಲುಗಳನ್ನು ನೋಡಿದೆ. ಎಲ್ಲಕ್ಕೂ ಆ ಹಳೇ ವರ್ಷದ ತಾರೀಖೇ ಇದೆ. ಒಂದಕ್ಕೆ ಮಾತ್ರ ಈ ವರ್ಷದ್ದು, ಹೋದ ಗುರುವಾರದ್ದು. ಯಾರೋ ತಾರೀಖು ತಿರುಗಿಸದೆ, ಬೇರೆ ಯಾವುದೋ ಪ್ರೋಗ್ರಾಮಿನಲ್ಲಿ ತೆರೆದು ಮುಟ್ಟಿದ್ದಾರೆ. ಕೋಣೆಯ ಕೀಲಿ ಇರುವುದು ಇಬ್ಬರ ಹತ್ತಿರ, ಮೇಷ್ಟ್ರು ಮತ್ತು ಕಿವಿ ಡಾಕ್ಟರು. ಮೇಷ್ಟ್ರು ನಿದ್ದೆಗಣ್ಣಿನಲ್ಲೂ ತಾರೀಖು ಮರೆಯುವವರಲ್ಲ. ಮುಟ್ಟಿದ್ದು ಮೇಲಿನ ಸ್ಥಾಯಿಯ ಫೈಲು. ಆವತ್ತು ಇಡೀ ದಿನ ನನಗೆ ಒಂದು ಸಾಲೂ ಬರೆಯಲಾಗಲಿಲ್ಲ.

ಇದು ಕೈಸೇರಿದ ಕೂಡಲೇ, ರುಜು ಹಾಕುವುದಿಲ್ಲ ಅಂತ ನನ್ನ ಮೊಬೈಲಿಗೆ ಎರಡು ಸಾಲು ಬರೆದು ಹಾಕು, ಸಾಕು. ಭಾನುವಾರ ಅದನ್ನು ಎಲ್ಲರ ಮುಂದೆ ಓದಿ ಅವಳ ಬಾಯಿ ಮುಚ್ಚಿಸುತ್ತೇನೆ.

ನಿನ್ನ ದನಿಗೆ ಕಾವಲು ಕೂತಿರುವ
ತಂಗಿ

ತಾ.ಕ. ಕಾಗದ ಮಡಿಸುವಷ್ಟರಲ್ಲಿ ಕಿವಿ ಡಾಕ್ಟರು ಅಂಗಡಿಗೇ ಬಂದಳು. ಪ್ಯಾಂಟಿನ ಅಂಚು ಮಡಿಸಿಕೊಡಬೇಕಿತ್ತಂತೆ, ನೆಪ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ನಿನ್ನ ಕಾಗುಣಿತದ ಕೀ ಅಕ್ಷರವನ್ನು ಎರಡು ಸಲ ಕೇಳಿಸಿದಳು, ಒಂದು ನಡುವಿನದು, ಒಂದು ಮೇಲಿನದು. ಸ್ವರ ಎಷ್ಟು ಮೇಲಕ್ಕೆ ಹೋದರೂ ಒಬ್ಬರ ಬಾಯಿ ಬದಲಾಗುವುದಿಲ್ಲ, ಇದು ಇಬ್ಬರ ಬಾಯಿ ಅಂದಳು. ಮೇಷ್ಟ್ರಿಗೂ ಮೊದಲ ದಿನದಿಂದಲೇ ಗೊತ್ತಂತೆ. ಹೊಸದಕ್ಕೆ ಹೋದರೆ ನನ್ನ ಗುಟ್ಟು ಹೊರಬಿದ್ದು ನನಗೆ ಅವಮಾನವಾದೀತು ಅಂತ ಅವರು ಹಳೇದನ್ನು ಬಿಡಲು ಒಪ್ಪುತ್ತಿಲ್ಲವಂತೆ. ನಾನು ಅಳತೆ ಟೇಪು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದೆ. ನಿನಗೆ ಅಂತ ಒಂದು ಒಪ್ಪಿಗೆ ಹಾಳೆ, ಅದರ ಪಕ್ಕದಲ್ಲಿ ಇನ್ನೊಂದು, ಎರಡನ್ನೂ ಮೇಜಿನ ಮೇಲಿಟ್ಟು ಹೋದಳು.

ಹೌದು ಅಕ್ಕಾ, ಮೇಲಿನ ಸ್ಥಾಯಿ ಪೂರ್ತಿ ನಾನೇ. ಹದಿನೇಳು ದಿನ ಬಾಗಿಲು ಹಾಕಿಕೊಂಡು ನಿನ್ನ ಹಾಗೆ ಹಾಡಿದೆ. ಒಡಕು ದನಿ ಅಂತ ಚಿಕ್ಕಂದಿನಲ್ಲಿ ನನಗೆ ಹೆಸರಿಟ್ಟವಳು ನೀನೇ. ಜನ ಸೋತದ್ದು ಆ ಮೇಲಿನ ಸ್ವರಗಳಿಗೇ. ಎಷ್ಟು ಹೆಮ್ಮೆ, ಎಷ್ಟು ಹೊಟ್ಟೆಕಿಚ್ಚು, ಎರಡನ್ನೂ ಒಟ್ಟಿಗೇ ನುಂಗಿದೆ.

ಒಂದು ಮಾತ್ರ ತಲೆ ಕೊರೆಯುತ್ತಿದೆ. ನೀನು ಕಾಗುಣಿತ ಹಾಡುವುದನ್ನು ಎಲ್ಲಿಗೆ ನಿಲ್ಲಿಸಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಂಪಿನ ಹತ್ತನೇ ವರ್ಷದ ಸಭೆಗೆ ಬಂದು ಮುಂದಿನ ಸಾಲಲ್ಲಿ ಕೂತೆ. ಆ ಸ್ವರ ಮೇಲೇರಿದಾಗ ಎಲ್ಲರೂ ನಿನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನೀನು ಎದ್ದು ನಿಂತು ಕೈಮುಗಿದೆ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದೆನಲ್ಲ ಅಕ್ಕಾ, ನಿನ್ನೊಬ್ಬಳನ್ನು ಬಿಟ್ಟು.

ಭಾನುವಾರ ಹೊಸದಕ್ಕೆ ಕೈ ಎತ್ತುತ್ತೇನೆ. ನಿನ್ನ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ಕೆಳಗಿನ ಎರಡು ಸ್ಥಾಯಿಗೆ ನೀನು ರುಜು ಹಾಕು. ಮೇಲಿನದಕ್ಕೆ ನಾನು ಹಾಕಿಯಾಯಿತು.