ಮೊಮ್ಮಗಳ ಮಜ್ಜಿಗೆಗೆ ಬೆರೆಸಿದ ಸೊಪ್ಪು

ಅತ್ತೀ,

ಒರಳಿಗೆ ಹಸಿರು ಅಂಟಿದೆ. ತಿಕೋಟಾದಿಂದ ಕಾಮಾಲೆಗೆಂದು ಯಾವುದೋ ನಾಟಿ ಸೊಪ್ಪು ತರಿಸಿ, ಅರೆದು ಗೀತಾಂಜಲಿಯ ಮಜ್ಜಿಗೆಗೆ ಹಾಕಿದ್ದೀರಿ, ಹೌದಲ್ರಿ? ಪಿತ್ತನಾಳ ಸರಿಯಿಲ್ಲದೆ ಹುಟ್ಟಿದ ಆ ಕೂಸಿಗೆ ನನ್ನ ಲಿವರಿನ ತುಂಡು ಕೊಟ್ಟು ಹದಿನೆಂಟು ವರ್ಷ ಚಂದ ನಡೆದಿತ್ತು. ಈಗ ರಕ್ತದ ವರದಿ ಕೆಟ್ಟಿದೆ. "ಹೊಸದೇನು ತಿನ್ನಾಕತ್ತಾಳ್ರಿ?" ಎಂದು ಡಾಕ್ಟರು ನನ್ನನ್ನೇ ಗದರಿಸಿದರು.

ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇನೆ. ನೀವು ಫೋನ್ ಮನೆಯಲ್ಲೇ ಬಿಟ್ಟು ಗುಡಿಗೆ ಹೋಗಿದ್ದೀರಿ. ಬಂದ ಕೂಡಲೇ ಫೋನ್ ಮಾಡಿ ಅದು ಯಾವ ಸೊಪ್ಪು ಎಂದು ಹೇಳಿರಿ. ಉಳಿದದ್ದನ್ನು ನಿಮ್ಮ ಮಗನ ಕೈಯಲ್ಲಿ ಕಳಿಸಿ. ಎಮ್ಮೆಗೆ ಹಾಕಬೇಡಿ, ಅದೇನು ಪಾಪ ಮಾಡಿದೆ?

ರೊಟ್ಟಿ ಬುಟ್ಟಿಯಲ್ಲಿದೆ. ಅಳುತ್ತ ಉಪವಾಸ ಕೂರಬೇಡಿ. ಅವಳಿಗೆ ಲಿವರಿನ ಇನ್ನೊಂದು ತುಂಡು ಬೇಕಾದರೆ ಈ ಸಲ ಸರದಿ ನಿಮ್ಮದು. ವಯಸ್ಸಾಯಿತೆಂದು ಡಾಕ್ಟರು ಬಿಟ್ಟರೂ ನಾನು ಬಿಡುವುದಿಲ್ಲ.

ನಿಮ್ಮ ಮೊಮ್ಮಗಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಗುತ್ತಿದ್ದಾಳೆ: "ಯವ್ವಾ, ಅಜ್ಜಿಗೆ ಬೈಬ್ಯಾಡ ಬೇ. ಏನೋ ಕಲಸ್ಯಾಳಂತ ನನಗ ಗೊತ್ತಿತ್ತು. ಅಷ್ಟು ಪ್ರೀತೀಲೆ ಕೊಟ್ಳಂತ ಕಣ್ಣು ಮುಚ್ಚಿ ಕುಡದ್ನಿ."

ಈಗ ನೀವೇ ಹೇಳಿ, ನಿಮ್ಮಿಬ್ಬರಲ್ಲಿ ಮೊದಲು ಯಾರಿಗೆ ಬಡಿಯಲಿ?

ನಿಮ್ಮ ಸೊಸೆ